30 ಯಂತ್ರ, ಒಂದೇ ಗುರುತು: ಲಿನಕ್ಸ್ ಕ್ಲೋನಿಂಗ್‌ನ ಒಂದು ಪ್ರಕರಣ

ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಇಟ್ಟಿದ್ದ 30 ಯಂತ್ರಗಳ ಕತೆ ಇದು. ಯಾವುದಕ್ಕೂ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಏನೇ ಮಾಡುವುದಿದ್ದರೂ ಎಸ್‌ಎಸ್‌ಎಚ್ ಮೂಲಕ, ಅಂದರೆ ನೆಟ್‌ವರ್ಕ್‌ನಲ್ಲಿ ದೂರದಿಂದಲೇ ಲಾಗಿನ್ ಆಗಿ. 24 ಯಂತ್ರಗಳು ಒಂದು ಮಾಡೆಲ್: 512 ಜಿಬಿ ಸಾಟಾ ಎಸ್‌ಎಸ್‌ಡಿ. ಉಳಿದ 6 ಆಮೇಲೆ ಬಂದವು: 500 ಜಿಬಿ ಎನ್‌ವಿಎಂಇ ಡಿಸ್ಕ್, ಬೇರೆ ಮದರ್‌ಬೋರ್ಡ್.

ತಂಡದವರು ಒಂದು ಯಂತ್ರವನ್ನು ಮೊದಲೇ ಚೆನ್ನಾಗಿ ಸಿದ್ಧ ಮಾಡಿದ್ದರು. ಉಬುಂಟು ಸರ್ವರ್ 22.04, ಅದರ ಮೇಲೆ ಸೋರ್ಸ್‌ನಿಂದ ಕಂಪೈಲ್ ಮಾಡಿದ ದೊಡ್ಡ ಟೂಲ್‌ಚೈನ್ (ಪ್ರೋಗ್ರಾಂ ಕಟ್ಟುವ ಟೂಲ್‌ಗಳ ಗುಂಪು), ಜೊತೆಗೆ ಸರ್ವರ್‌ನಿಂದ ಕೆಲಸ ಪಡೆದು ಟೆಸ್ಟ್ ಓಡಿಸುವ ಒಂದು ಏಜೆಂಟ್. ಆ ಯಂತ್ರ ಕೆಟ್ಟರೆ ಎಲ್ಲವನ್ನೂ ಮತ್ತೆ ಮಾಡಬೇಕಲ್ಲ ಎಂದು ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ಎಂಬ ಟೂಲ್‌ನಲ್ಲಿ ಒಂದು ಬ್ಯಾಕಪ್ ಇಮೇಜ್ (ಇಡೀ ಡಿಸ್ಕ್‌ನ ಪ್ರತಿ) ತೆಗೆದಿಟ್ಟಿದ್ದರು. ಒಳ್ಳೆಯ ಕೆಲಸ. ಹೊಸ ಯಂತ್ರಗಳು ಬಂದಾಗ ಅದೇ ಇಮೇಜನ್ನು ಎಲ್ಲದರ ಮೇಲೂ ರಿಸ್ಟೋರ್ ಮಾಡಿದರು. ಒಂದೊಂದಕ್ಕೂ ಕೈಯಿಂದ ಹೋಸ್ಟ್‌ನೇಮ್ (ಯಂತ್ರದ ಹೆಸರು) ಬದಲಿಸಿದರು. ಮೊದಲನೆಯದು ಸರಿಯಾಗಿ ಬೂಟ್ ಆಯಿತು, ಟೆಸ್ಟ್ ಓಡಿತು. ಎರಡನೆಯದೂ ಬೂಟ್ ಆಯಿತು. ಅಲ್ಲಿಂದ ತಲೆನೋವು ಶುರು.

ಇಡೀ ಪ್ರಕರಣದ ಬೇರು ಇಲ್ಲೇ ಇದೆ. ಬ್ಯಾಕಪ್ ಇಮೇಜಿನ ಕೆಲಸ ಎಂದರೆ ಯಂತ್ರ ಹೇಗಿತ್ತೋ ಹಾಗೇ ಮರಳಿ ಕೊಡುವುದು. ಅದರ ಹೆಸರು, ಕೀಲಿಗಳು, ನೋಂದಣಿ ಎಲ್ಲ ಸೇರಿಸಿ. ಕ್ಲೋನ್ ಮಾಡಲು ಬೇಕಾದ ಇಮೇಜಿನಲ್ಲಿ ಇವು ಯಾವುದೂ ಇರಬಾರದು. ಎರಡನ್ನೂ ತೆಗೆಯುವ ಟೂಲ್ ಒಂದೇ, ಫೈಲುಗಳೂ ನೋಡಲು ಒಂದೇ ಥರ. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದು ತುಂಬ ಸಹಜ.

ಲಾಗಿನ್ ಆದರೆ ಬೇರೆ ಯಂತ್ರ

ನಮಗೆ ಮೊದಲು ಬಂದ ದೂರು ಹೀಗಿತ್ತು: "ಸರ್, ಪಿಂಗ್ ಆಗ್ತಿದೆ. ಲಾಗಿನ್ನೂ ಆಗ್ತಿದೆ. ಆದ್ರೆ ಒಂದ್ಸಲ ಏಳನೇ ಮಷೀನ್ ಬರುತ್ತೆ, ಇನ್ನೊಂದ್ಸಲ ಹನ್ನೊಂದನೇದು ಬರುತ್ತೆ."

ಟೆಸ್ಟ್‌ಗಳು ಅರ್ಧದಲ್ಲೇ ಕಡಿದುಹೋಗುತ್ತಿದ್ದವು. ಒಂದೇ ಯಂತ್ರ ಆನ್ ಇದ್ದಾಗ ಎಲ್ಲ ಸರಿ. ಎರಡು, ಮೂರು ಆನ್ ಮಾಡಿದ ಕೂಡಲೇ ಗೊಂದಲ. ಸ್ವಿಚ್ ಮೇಲೆ, ಕೇಬಲ್ ಮೇಲೆ ಅನುಮಾನ ಬಂದದ್ದು ಸಹಜವೇ. ಸ್ವಿಚ್ ಪೋರ್ಟ್ ಬದಲಿಸಿ ನೋಡಿದರು, ಫಲ ಸಿಗಲಿಲ್ಲ. ಕೊನೆಗೆ ಅನುಮಾನದ ಐಪಿಗೆ ಆರ್ಪಿಂಗ್ ಕಳಿಸಿದೆವು, ಅಂದರೆ ಈ ಐಪಿ ಯಾರದು ಎಂದು ನೆಟ್‌ವರ್ಕ್‌ನಲ್ಲಿ ಕೇಳಿದೆವು. ಒಂದೇ ಪ್ರಶ್ನೆಗೆ ಎರಡು ಬೇರೆ ಮ್ಯಾಕ್ ವಿಳಾಸಗಳಿಂದ (ನೆಟ್‌ವರ್ಕ್ ಕಾರ್ಡಿನದೇ ವಿಳಾಸ) ಉತ್ತರ ಬಂತು. ಅಂದರೆ ಎರಡು ಯಂತ್ರಗಳು ಒಂದೇ ಐಪಿ ಹಿಡಿದು ಕೂತಿವೆ. ನಿಮ್ಮ ಕಂಪ್ಯೂಟರಿನ ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ಎಂಬ ಪಟ್ಟಿ) ಆ ಹೊತ್ತಿಗೆ ಯಾರ ಮ್ಯಾಕ್ ಇದೆಯೋ ಅವರಿಗೆ ಪ್ಯಾಕೆಟ್ ಹೋಗುತ್ತದೆ. ಪಟ್ಟಿ ಬದಲಾದಾಗ ನಡೆಯುತ್ತಿದ್ದ ಸಂಪರ್ಕ ಕಡಿಯುತ್ತದೆ.

ಐಪಿ ಕೊಡುವುದು ಡಿಎಚ್‌ಸಿಪಿ ಸರ್ವರ್. ಮ್ಯಾಕ್ ವಿಳಾಸ ಬೇರೆ ಬೇರೆ ಇರುವಾಗ ಅದು ಒಂದೇ ಐಪಿಯನ್ನು ಇಬ್ಬರಿಗೆ ಯಾಕೆ ಕೊಡುತ್ತದೆ? ಲೀಸ್ ಪಟ್ಟಿ, ಅಂದರೆ ಯಾರಿಗೆ ಯಾವ ಐಪಿ ಕೊಟ್ಟಿದೆ ಎಂಬ ಪಟ್ಟಿ, ತೆಗೆದು ನೋಡಿದಾಗ ಉತ್ತರ ಸಿಕ್ಕಿತು. ಎಲ್ಲ ಯಂತ್ರಗಳ ಕ್ಲೈಂಟ್ ಐಡಿ ಒಂದೇ.

ಕಾರಣ ಇಷ್ಟು. ಉಬುಂಟು ಸರ್ವರ್‌ನಲ್ಲಿ ನೆಟ್‌ಪ್ಲಾನ್ (ನೆಟ್‌ವರ್ಕ್ ಸೆಟ್ಟಿಂಗ್ ಬರೆಯುವ ಜಾಗ) ಹಿಂದೆ ಕೆಲಸ ಮಾಡುವುದು ಸಿಸ್ಟಂಡಿ-ನೆಟ್‌ವರ್ಕ್‌ಡಿ. ಅದು ಡಿಎಚ್‌ಸಿಪಿ ಸರ್ವರ್‌ಗೆ ತನ್ನ ಪರಿಚಯ ಹೇಳುವಾಗ ಬರೀ ಮ್ಯಾಕ್ ವಿಳಾಸ ಕೊಟ್ಟು ಸುಮ್ಮನಾಗುವುದಿಲ್ಲ. ಬೇರೇನೂ ಹೇಳದಿದ್ದರೆ ಡಿಯುಐಡಿ ಎಂಬ ಒಂದು ಗುರುತನ್ನೂ ಕ್ಲೈಂಟ್ ಐಡಿಯಲ್ಲಿ ಕಳಿಸುತ್ತದೆ. ಆ ಗುರುತು ಹುಟ್ಟುವುದು /ಈಟಿಸಿ/ಮಷೀನ್-ಐಡಿ ಎಂಬ ಫೈಲಿನಿಂದ. ಅದರಲ್ಲಿ ಇರುವುದು 32 ಅಕ್ಷರಗಳ ಒಂದು ಸಾಲು, ಅಂದರೆ 128 ಬಿಟ್. ಇನ್‌ಸ್ಟಾಲ್ ಸಮಯದಲ್ಲಿ ಒಮ್ಮೆ ಹುಟ್ಟುತ್ತದೆ, ಆಮೇಲೆ ಬದಲಾಗುವುದಿಲ್ಲ. ಇಮೇಜ್ ಜೊತೆ ಈ ಸಾಲೂ 30 ಕಡೆ ಹೋಯಿತು. ಕ್ಲೈಂಟ್ ಐಡಿ ಬಂದಾಗ ಡಿಎಚ್‌ಸಿಪಿ ಸರ್ವರ್ ಅದನ್ನೇ ನಂಬುತ್ತದೆ, ಮ್ಯಾಕ್ ನೋಡುವುದಿಲ್ಲ. "ಇವರು ಹಳಬರೇ, ಇದೇ ಐಪಿ ಇರಲಿ" ಎಂದು ಅದೇ ಲೀಸನ್ನು ಮತ್ತೆ ಕೊಡುತ್ತದೆ. ಸರ್ವರ್‌ನ ತಪ್ಪು ಏನೂ ಇಲ್ಲ.

ಆದರೆ ಇದಕ್ಕಿಂತ ಸ್ವಾರಸ್ಯದ ಪ್ರಶ್ನೆ ಬೇರೆ ಇದೆ. ಒಂದೇ ಐಪಿಯ ಹಿಂದೆ ಯಂತ್ರ ಬದಲಾಗುತ್ತಿದ್ದರೆ ಎಸ್‌ಎಸ್‌ಎಚ್ ಸುಮ್ಮನಿರುವುದಿಲ್ಲ, ಅಲ್ವಾ? ಹೋಸ್ಟ್ ಕೀ (ಯಂತ್ರ ತಾನು ಯಾರೆಂದು ಸಾಬೀತು ಮಾಡುವ ಕೀ) ಬದಲಾಗಿದೆ, ಯಾರೋ ಮಧ್ಯೆ ಕೂತಿರಬಹುದು ಎಂದು ದೊಡ್ಡ ಎಚ್ಚರಿಕೆ ಹಾಕಿ ಸಂಪರ್ಕವನ್ನೇ ನಿಲ್ಲಿಸುತ್ತದೆ. ಇಲ್ಲಿ ಒಂದು ಸಲವೂ ಆ ಎಚ್ಚರಿಕೆ ಬರಲಿಲ್ಲ. ಯಾಕೆಂದರೆ /ಈಟಿಸಿ/ಎಸ್‌ಎಸ್‌ಎಚ್ ಅಡಿಯ ಹೋಸ್ಟ್ ಕೀಗಳೂ ಇಮೇಜಿನಿಂದಲೇ ಬಂದಿದ್ದವು. 30 ಯಂತ್ರಗಳಲ್ಲೂ ಅದೇ ಖಾಸಗಿ ಕೀ. ಎಸ್‌ಎಸ್‌ಎಚ್ ಕಣ್ಣಿಗೆ ಅವೆಲ್ಲ ಒಂದೇ ಯಂತ್ರ. ಒಂದು ದೋಷವನ್ನು ಇನ್ನೊಂದು ದೋಷ ಮುಚ್ಚಿಟ್ಟಿತ್ತು. ಹೋಸ್ಟ್ ಕೀ ಬೇರೆ ಬೇರೆ ಇದ್ದಿದ್ದರೆ ಎರಡನೇ ಯಂತ್ರ ಆನ್ ಆದ ಗಳಿಗೆಯಲ್ಲೇ ವಿಷಯ ಗೊತ್ತಾಗುತ್ತಿತ್ತು. ಹೋಸ್ಟ್‌ನೇಮನ್ನು ಕೈಯಿಂದ ಬದಲಿಸಿದ್ದರಿಂದ ಪ್ರಾಂಪ್ಟ್‌ನಲ್ಲಿ ಬೇರೆ ಹೆಸರು ಕಾಣಿಸಿತು. ಸಿಕ್ಕ ಸುಳಿವು ಅದೊಂದೇ.

ಭದ್ರತೆಯ ಕಡೆಯಿಂದಲೂ ಇದು ಕೆಟ್ಟ ಸ್ಥಿತಿ. ಒಂದು ಯಂತ್ರದಲ್ಲಿ ರೂಟ್ ಅಧಿಕಾರ, ಅಂದರೆ ಪೂರ್ಣ ಅಧಿಕಾರ, ಸಿಕ್ಕಿದವರಿಗೆ ಉಳಿದ 29 ಯಂತ್ರಗಳ ಹೋಸ್ಟ್ ಕೀಯೂ ಸಿಕ್ಕಂತೆ. ಅವುಗಳಲ್ಲಿ ಯಾವುದರ ವೇಷವನ್ನಾದರೂ ಅವರು ಹಾಕಬಹುದು.

ಟೆಸ್ಟ್ ಏಜೆಂಟ್‌ನದೂ ಇದೇ ಕತೆ. ಅದರ ನೋಂದಣಿ ಟೋಕನ್ ಇಮೇಜಿನಲ್ಲಿ ಉಳಿದಿತ್ತು. ಕೆಲಸ ಹಂಚುವ ಸರ್ವರ್‌ಗೆ 30 ಏಜೆಂಟ್ ಕಾಣಿಸುತ್ತಿರಲಿಲ್ಲ, ಒಂದೇ ಏಜೆಂಟ್ ಮತ್ತೆ ಮತ್ತೆ ಬಂದು ಹೋಗುವಂತೆ ಕಾಣುತ್ತಿತ್ತು.

ಆ ಆರು ಯಂತ್ರಗಳು

ಬೇರೆ ಮಾಡೆಲ್‌ನ 6 ಯಂತ್ರಗಳ ಕತೆ ಇನ್ನೊಂದು. ಮೊದಲು ರಿಸ್ಟೋರ್‌ಗೇ ಕ್ಲೋನ್‌ಜಿಲ್ಲಾ ಒಪ್ಪಲಿಲ್ಲ. ಇಮೇಜ್ ತೆಗೆದ ಡಿಸ್ಕ್ 512 ಜಿಬಿ, ಇದು 500 ಜಿಬಿ. ಒಳಗಿದ್ದ ಡೇಟಾ ಬರೀ 22 ಜಿಬಿ. ಆದರೂ ಪಾರ್ಟಿಷನ್ ಟೇಬಲ್ (ಡಿಸ್ಕ್‌ನ ಭಾಗಗಳ ಪಟ್ಟಿ) ಪ್ರಕಾರ ಕೊನೆಯ ಪಾರ್ಟಿಷನ್ ಮುಗಿಯುವ ಜಾಗ ಈ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ. ಡೇಟಾ ಎಷ್ಟಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಪಾರ್ಟಿಷನ್ ಎಲ್ಲಿವರೆಗೆ ಚಾಚಿದೆ ಎಂಬುದೇ ಮುಖ್ಯ.

ಪಾರ್ಟಿಷನ್‌ಗಳನ್ನು ಕೈಯಿಂದ ಮಾಡಿ ಮೊದಲು ಒಂದರ ಮೇಲೆ ರಿಸ್ಟೋರ್ ಮಾಡಿದರು. ಬೂಟ್ ಆಯಿತೋ ಇಲ್ಲವೋ ಗೊತ್ತಿಲ್ಲ, ನೆಟ್‌ವರ್ಕ್‌ನಲ್ಲಿ ಕಾಣುತ್ತಿಲ್ಲ. ಮಾನಿಟರ್ ತಂದು ಹಚ್ಚಿದಾಗ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಿತ್ತು. ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಸೇರಬೇಕು ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ರೂಟ್ ಪಾರ್ಟಿಷನ್‌ಗೆ (ಸಿಸ್ಟಂ ಇರುವ ಪಾರ್ಟಿಷನ್) ಯುಯುಐಡಿ, ಅಂದರೆ ಅದರದೇ ಗುರುತಿನ ಸಂಖ್ಯೆ ಇತ್ತು, ಅದು ಇನ್‌ಸ್ಟಾಲರ್ ಬರೆದದ್ದು. ಆಮೇಲೆ ಯಾರೋ ಸೇರಿಸಿದ ಡೇಟಾ ಪಾರ್ಟಿಷನ್‌ನ ಸಾಲಿನಲ್ಲಿ ಮಾತ್ರ /ಡೆವ್/ಎಸ್‌ಡಿಎ3 ಎಂದು ನೇರ ಹೆಸರು. ಎನ್‌ವಿಎಂಇ ಡಿಸ್ಕ್‌ನಲ್ಲಿ ಆ ಹೆಸರು ಇರುವುದೇ ಇಲ್ಲ, ಅಲ್ಲಿ ಅದು ಎನ್‌ವಿಎಂಇ0ಎನ್1ಪಿ3. ಯಂತ್ರವನ್ನು ಎಬ್ಬಿಸುವ ಸಿಸ್ಟಂಡಿ 90 ಸೆಕೆಂಡ್ ಕಾದು ನೋಡಿ, ಡಿಸ್ಕ್ ಬರಲಿಲ್ಲವೆಂದು ಕೈಬಿಟ್ಟಿತ್ತು.

ಆ ಸಾಲು ಸರಿ ಮಾಡಿದ ಮೇಲೆ ಬೂಟ್ ಆಯಿತು, ನೆಟ್‌ವರ್ಕ್ ಆಗಲೂ ಬರಲಿಲ್ಲ. ನೆಟ್‌ಪ್ಲಾನ್ ಫೈಲಿನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಇಎನ್‌ಪಿ3ಎಸ್0 ಎಂದಿತ್ತು. ಈ ಬೋರ್ಡಿನಲ್ಲಿ ಕಾರ್ಡ್ ಬೇರೆ ಪಿಸಿಐ ಜಾಗದಲ್ಲಿದೆ, ಆದ್ದರಿಂದ ಹೆಸರು ಇಎನ್‌ಪಿ2ಎಸ್0. ಒಂದಂಕಿಯ ವ್ಯತ್ಯಾಸ, ಅಷ್ಟೇ. ಮಾನಿಟರ್ ಇಲ್ಲದ ಯಂತ್ರಕ್ಕೆ ಅದು ಸತ್ತಂತೆಯೇ.

ಕರ್ನಲ್ ವಿಷಯದಲ್ಲಿ ಮಾತ್ರ ಉಬುಂಟು ಕೈ ಹಿಡಿಯಿತು. ಅದರ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್‌ನ ಶುರುವಿಗೆ ಬಳಸುವ ಚಿಕ್ಕ ಫೈಲ್‌ಸಿಸ್ಟಂ) ಸಾಮಾನ್ಯವಾಗಿ ಹೆಚ್ಚಿನ ಡಿಸ್ಕ್ ಡ್ರೈವರ್‌ಗಳು ಇದ್ದೇ ಇರುತ್ತವೆ, ಹಾಗಾಗಿ ಎನ್‌ವಿಎಂಇ ತಾನೇ ಸಿಕ್ಕಿತು. ಫೆಡೋರಾ, ರೆಡ್ ಹ್ಯಾಟ್ ಕಡೆಯವರು ಹುಷಾರಾಗಿರಬೇಕು. ಅಲ್ಲಿ ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಡ್ರಾಕಟ್ ಆ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನು ಮಾತ್ರ ಸೇರಿಸುತ್ತದೆ. ಬೇರೆ ಹಾರ್ಡ್‌ವೇರ್‌ಗೆ ಹೋಗುವ ಇಮೇಜ್ ಆದರೆ, ತೆಗೆಯುವ ಮೊದಲೇ ಹೋಸ್ಟ್-ಓನ್ಲಿ ಆಯ್ಕೆ ಬಿಟ್ಟು ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಬೇಕು.

ಯುಇಎಫ್‌ಐ (ಮದರ್‌ಬೋರ್ಡಿನ ಬೂಟ್ ಸಾಫ್ಟ್‌ವೇರ್) ಬೂಟ್ ಪಟ್ಟಿ ಡಿಸ್ಕ್‌ನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿನ ಮೆಮೊರಿಯಲ್ಲಿ ಇರುತ್ತದೆ. ಇಮೇಜ್ ಜೊತೆ ಅದು ಬರುವುದಿಲ್ಲ. ಕ್ಲೋನ್‌ಜಿಲ್ಲಾ ರಿಸ್ಟೋರ್ ಮುಗಿದ ಮೇಲೆ ತಾನೇ ಅದನ್ನು ಸರಿಪಡಿಸುತ್ತದೆ. ಸುಮ್ನೆ ಡಿಡಿ (ಡಿಸ್ಕನ್ನು ಇದ್ದಂತೆಯೇ ನಕಲು ಮಾಡುವ ಕಮಾಂಡ್) ಮಾಡಿದವರು ಇದನ್ನು ನೆನಪಿಡಬೇಕು.

ಹೊಸ ಇಮೇಜ್

ಇಮೇಜ್ ಬಿಟ್ಟು ಬೇರೆ ದಾರಿ ಇರಲಿಲ್ಲವೇ ಎಂದು ಕೇಳಬಹುದು. ಉಬುಂಟುವಿನ ಆಟೋಇನ್‌ಸ್ಟಾಲ್ ಅಥವಾ ರೆಡ್ ಹ್ಯಾಟ್ ಕಡೆಯ ಕಿಕ್‌ಸ್ಟಾರ್ಟ್ ಬಳಸಿದರೆ ಪ್ರತಿ ಯಂತ್ರವೂ ಹೊಸದಾಗಿ ಇನ್‌ಸ್ಟಾಲ್ ಆಗುತ್ತದೆ, ಗುರುತಿನ ಸಮಸ್ಯೆಯೇ ಹುಟ್ಟುವುದಿಲ್ಲ. ಆಯ್ಕೆ ಇದ್ದಾಗ ನನ್ನ ಒಲವು ಆ ಕಡೆಗೇ. ಆದರೆ ಇಲ್ಲಿ ಟೂಲ್‌ಚೈನ್ ಕಂಪೈಲ್ ಆಗಲು ತುಂಬ ಹೊತ್ತು ಬೇಕು, ಮತ್ತು ಎಲ್ಲ ಕಡೆ ಬೈಟ್ ಬೈಟ್‌ಗೂ ಒಂದೇ ಆಗಿರಬೇಕು ಎಂಬುದು ಟೆಸ್ಟಿಂಗ್‌ನವರ ಷರತ್ತು. ಹಾಗಾಗಿ ಇಮೇಜೇ ಸರಿ ಎನಿಸಿತು.

ಡಿಡಿ ಬೇಡ ಎಂದು ಬೇಗ ತೀರ್ಮಾನವಾಯಿತು. ಅದಕ್ಕೆ ಫೈಲ್‌ಸಿಸ್ಟಂ ಗೊತ್ತಿಲ್ಲ. 22 ಜಿಬಿಗಾಗಿ 512 ಜಿಬಿ ಪೂರ್ತಿ ಓದುತ್ತದೆ. ಖಾಲಿ ಜಾಗದಲ್ಲಿ ಉಳಿದ, ಅಳಿಸಿದ ಫೈಲುಗಳ ಚೂರುಗಳೂ ಎಲ್ಲ ಯಂತ್ರಗಳಿಗೆ ಹೋಗುತ್ತವೆ. ಓಡುತ್ತಿರುವ ಸಿಸ್ಟಂ ಮೇಲೇ ಡಿಡಿ ಮಾಡುವವರೂ ಇದ್ದಾರೆ. ಅದು ಓದುತ್ತಿರುವಾಗಲೇ ಇನ್ನೊಂದು ಕಡೆ ಬರಹ ನಡೆಯುತ್ತಿರುತ್ತದೆ, ಸಿಗುವ ಇಮೇಜಿಗೆ ತಲೆ ಒಂದು ಕಾಲದ್ದು, ಬಾಲ ಇನ್ನೊಂದು ಕಾಲದ್ದು. ಕ್ಲೋನ್‌ಜಿಲ್ಲಾ ಒಳಗೆ ಬಳಸುವ ಪಾರ್ಟ್‌ಕ್ಲೋನ್ ಫೈಲ್‌ಸಿಸ್ಟಂ ಓದಿ ತುಂಬಿದ ಬ್ಲಾಕ್‌ಗಳನ್ನು ಮಾತ್ರ ತೆಗೆಯುತ್ತದೆ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡುವುದರಿಂದ ಡಿಸ್ಕ್ ಮೌಂಟ್ ಆಗಿರುವುದೂ ಇಲ್ಲ, ಅಂದರೆ ಬಳಕೆಯಲ್ಲಿರುವುದಿಲ್ಲ. ಫೈಲ್ ಫೈಲಾಗಿ ನಕಲು ಮಾಡುವ ಆರ್‌ಸಿಂಕ್‌ನಲ್ಲೂ ಮಾಡಬಹುದಿತ್ತು. ಎಸಿಎಲ್, ವಿಸ್ತೃತ ಗುಣಗಳು, ಹಾರ್ಡ್ ಲಿಂಕ್ ಎಲ್ಲ ಉಳಿಸುವ ಆಯ್ಕೆಗಳನ್ನು ಕೊಟ್ಟು, ಆಮೇಲೆ ಬೂಟ್ ಮಾಡಿಸುವ ಗ್ರಬ್ ಹಾಕಿ. ಒಂದೆರಡು ಯಂತ್ರಕ್ಕೆ ಅದು ಚೆನ್ನ, 30ಕ್ಕೆ ಅಲ್ಲ.

ಕೆಲಸ ಶುರುವಾದದ್ದು ಹಳೆಯ ಯಂತ್ರಕ್ಕೆ ಇನ್ನೊಂದು ಬ್ಯಾಕಪ್ ತೆಗೆಯುವುದರಿಂದ. ಮುಂದೆ ಅದರ ಗುರುತುಗಳನ್ನೆಲ್ಲ ಅಳಿಸಲಿದ್ದೇವೆ, ಮರಳಿ ಬರಲು ದಾರಿ ಬೇಕು.

ಆಮೇಲೆ ಡಿಸ್ಕ್ ಅಳತೆ. ಎಕ್ಸ್ಟ್4 ಫೈಲ್‌ಸಿಸ್ಟಂ ಅನ್ನು ಓಡುತ್ತಿರುವಾಗಲೇ ದೊಡ್ಡದು ಮಾಡಬಹುದು, ಚಿಕ್ಕದು ಮಾಡಲು ಅನ್‌ಮೌಂಟ್ ಮಾಡಲೇಬೇಕು. ಕೊನೆಯಲ್ಲಿ ಇದ್ದದ್ದು ಡೇಟಾ ಪಾರ್ಟಿಷನ್ ಆದ್ದರಿಂದ ಕಷ್ಟವಾಗಲಿಲ್ಲ. ಅನ್‌ಮೌಂಟ್ ಮಾಡಿ, ಎಫ್‌ಎಸ್‌ಸಿಕೆ ಎಂಬ ತಪಾಸಣೆ ಓಡಿಸಿ, 20 ಜಿಬಿಗೆ ಇಳಿಸಿದೆವು. ಈಗ ಇಎಫ್‌ಐ, ರೂಟ್, ಡೇಟಾ ಮೂರೂ ಸೇರಿ ಡಿಸ್ಕ್‌ನ ಮೊದಲ 81 ಜಿಬಿಯೊಳಗೆ ಮುಗಿಯುತ್ತವೆ. ರಿಸ್ಟೋರ್ ಮಾಡುವಾಗ ಡಿಸ್ಕ್ ಅಳತೆ ನೋಡಬೇಡ ಎಂದು ಕ್ಲೋನ್‌ಜಿಲ್ಲಾಗೆ ಹೇಳುವ ಐಸಿಡಿಎಸ್ ಎಂಬ ಆಯ್ಕೆ ಇದೆ, ಅದನ್ನು ಕೊಟ್ಟರಾಯಿತು. ಯಂತ್ರ ಮೊದಲ ಸಲ ಎದ್ದಾಗ ಗ್ರೋಪಾರ್ಟ್ ಮತ್ತು ರಿಸೈಜ್2ಎಫ್‌ಎಸ್ ಓಡಿ ಡೇಟಾ ಪಾರ್ಟಿಷನ್ ಡಿಸ್ಕ್ ಪೂರ್ತಿ ಚಾಚಿಕೊಳ್ಳುತ್ತದೆ. ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ ಆಗಿದ್ದರೆ ಈ ಇಳಿಸುವ ಆಟ ನಡೆಯುತ್ತಿರಲಿಲ್ಲ. ಹಾಗಾಗಿ ಮೂಲ ಯಂತ್ರವನ್ನು ಇನ್‌ಸ್ಟಾಲ್ ಮಾಡುವಾಗಲೇ ಪಾರ್ಟಿಷನ್ ಚಿಕ್ಕದಾಗಿ ಇಡುವುದು ಜಾಣತನ.

ಎಫ್‌ಎಸ್‌ಟ್ಯಾಬ್‌ನಲ್ಲಿ ಎಲ್ಲಕ್ಕೂ ಯುಯುಐಡಿ ಬಂತು. ಡೇಟಾ ಸಾಲಿಗೆ ನೋಫೇಲ್ ಸೇರಿಸಬೇಕೇ ಎಂಬ ಚರ್ಚೆ ನಡೆಯಿತು. ಸೇರಿಸಿದರೆ ಡಿಸ್ಕ್ ಮೌಂಟ್ ಆಗದಿದ್ದರೂ ಯಂತ್ರ ಎದ್ದು ನಿಲ್ಲುತ್ತದೆ, ಆದರೆ ಟೆಸ್ಟ್‌ಗಳು ಗೊತ್ತಿಲ್ಲದೆ ರೂಟ್ ಪಾರ್ಟಿಷನ್‌ನಲ್ಲಿ ಬರೆಯತೊಡಗುತ್ತವೆ. ಕೊನೆಗೆ ನೋಫೇಲ್ ಸೇರಿಸಿ, ಮೌಂಟ್ ಆಗಿದೆಯೇ ಎಂದು ಏಜೆಂಟ್ ಮೊದಲು ನೋಡುವಂತೆ ಮಾಡಿದರು. ಮಾನಿಟರ್ ಇಲ್ಲದ ಯಂತ್ರಕ್ಕೆ ಲಾಗಿನ್ ಆಗುವಂತಿರುವುದೇ ದೊಡ್ಡದು.

ನೆಟ್‌ಪ್ಲಾನ್‌ನಲ್ಲಿ ಕಾರ್ಡಿನ ಹೆಸರಿನ ಬದಲು 'ಇಎನ್' ಎಂದು ಶುರುವಾಗುವ ಯಾವುದಾದರೂ ಸರಿ ಎಂಬ ಮ್ಯಾಚ್ ಬಂತು. ಜೊತೆಗೆ ಡಿಎಚ್‌ಸಿಪಿ-ಐಡೆಂಟಿಫೈಯರ್: ಮ್ಯಾಕ್ ಎಂಬ ಸಾಲು. ಮಷೀನ್-ಐಡಿ ಬೇರೆ ಬೇರೆ ಆದ ಮೇಲೆ ಈ ಸಾಲು ಬೇಕೇ ಬೇಕು ಎಂದೇನಿಲ್ಲ. ಆದರೆ ಡಿಸ್ಕ್ ಬದಲಿಸಿ ಮತ್ತೆ ಇಮೇಜ್ ಹಾಕಿದಾಗ ಯಂತ್ರಕ್ಕೆ ಹಳೆಯ ಐಪಿಯೇ ಸಿಗಲಿ ಎಂದು ಹಾಕಿದೆವು.

ಇನ್ನು ಅಳಿಸುವ ಕೆಲಸ. ಅದಕ್ಕೆ ಒಂದು ಸ್ಕ್ರಿಪ್ಟ್ ಬರೆಯಲಾಯಿತು. ಮಷೀನ್-ಐಡಿ ಫೈಲನ್ನು ಅಳಿಸುವುದಿಲ್ಲ, ಖಾಲಿ ಮಾಡುತ್ತದೆ. ಖಾಲಿ ಫೈಲ್ ಕಂಡರೆ ಸಿಸ್ಟಂಡಿ ಬೂಟ್ ಆಗುವಾಗ ಹೊಸದು ಬರೆಯುತ್ತದೆ. ಡಿ-ಬಸ್ ಫೋಲ್ಡರಿನಲ್ಲೂ ಇದೇ ಹೆಸರಿನ ಫೈಲ್ ಇರುತ್ತದೆ. ಅದು ಲಿಂಕ್ ಆಗಿದ್ದರೆ ಸರಿ, ಪ್ರತಿ ಆಗಿದ್ದರೆ ಹಳೆಯ ಐಡಿ ಅಲ್ಲೇ ಬದುಕಿರುತ್ತದೆ. ಎಸ್‌ಎಸ್‌ಎಚ್ ಹೋಸ್ಟ್ ಕೀಗಳು, ಸಿಸ್ಟಂಡಿಯ ರ್‍ಯಾಂಡಮ್-ಸೀಡ್ ಮತ್ತು ಕ್ರೆಡೆನ್ಷಿಯಲ್ ಸೀಕ್ರೆಟ್ ಫೈಲುಗಳು, ಏಜೆಂಟಿನ ಟೋಕನ್, ಜರ್ನಲ್ ಮತ್ತು ಲಾಗ್‌ಗಳು, ಶೆಲ್ ಹಿಸ್ಟರಿ, ಬಳಕೆದಾರರ ಖಾಸಗಿ ಕೀಗಳು, ಇವನ್ನೆಲ್ಲ ಸ್ಕ್ರಿಪ್ಟ್ ಅಳಿಸುತ್ತದೆ. ಈ ಪಟ್ಟಿ ಪ್ರತಿ ಜಾಗದಲ್ಲೂ ಬೇರೆಯಾಗುತ್ತದೆ. ಮಾನಿಟರಿಂಗ್ ಏಜೆಂಟ್, ಬ್ಯಾಕಪ್ ಕ್ಲೈಂಟ್, ವಿಪಿಎನ್ ಏನೇ ಇರಲಿ, ಅದು ತನ್ನ ಹೆಸರನ್ನು ಎಲ್ಲಿ ಬರೆದಿಟ್ಟುಕೊಂಡಿದೆ ಎಂದು ಹುಡುಕಬೇಕು. ವರ್ಚುವಲ್ ಯಂತ್ರಗಳ ಇಮೇಜ್ ಆದರೆ ಇದಕ್ಕೆಂದೇ ವರ್ಟ್-ಸಿಸ್‌ಪ್ರೆಪ್ ಎಂಬ ಟೂಲ್ ಇದೆ. ಖುದ್ದು ಸ್ಕ್ರಿಪ್ಟ್ ಬರೆಯುವವರಿಗೂ ಅದರ ಪಟ್ಟಿ ನೋಡುವುದು ಉಪಯೋಗ.

ಫೈಲ್‌ಸಿಸ್ಟಂ ಯುಯುಐಡಿಗಳನ್ನು ಬದಲಿಸಲಿಲ್ಲ. 30 ಯಂತ್ರಗಳಲ್ಲೂ ಅವು ಒಂದೇ. ಬದಲಿಸಿದರೆ ಎಫ್‌ಎಸ್‌ಟ್ಯಾಬ್, ಗ್ರಬ್ ಎರಡನ್ನೂ ತಿದ್ದಬೇಕು, ಲಾಭ ಕಡಿಮೆ. ಒಂದು ಕ್ಲೋನಿನ ಡಿಸ್ಕ್ ತೆಗೆದು ಇನ್ನೊಂದು ಕ್ಲೋನಿಗೆ ಹಚ್ಚಿದಾಗ ಮಾತ್ರ ಗಲಿಬಿಲಿಯಾಗುತ್ತದೆ, ಯಾವ ಡಿಸ್ಕ್‌ನಿಂದ ಬೂಟ್ ಆಯಿತೆಂದೇ ತಿಳಿಯದು. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂ ಬಳಸುವವರಿಗೆ ಇದು ಇನ್ನೂ ಅಪಾಯ. ಇಲ್ಲಿ ಒಂದು ನಿಯಮ ಸಾಕಾಯಿತು: ಕೆಟ್ಟ ಯಂತ್ರದ ಡಿಸ್ಕ್ ನೋಡಬೇಕಾದರೆ ಲೈವ್ ಯುಎಸ್‌ಬಿಯಲ್ಲಿ ನೋಡಿ.

ಹೋಸ್ಟ್ ಕೀ ಅಳಿಸಿದರೆ ಉಬುಂಟುವಿನಲ್ಲಿ ಎಸ್‌ಎಸ್‌ಎಚ್ ಸರ್ವರ್ ಏಳುವುದೇ ಇಲ್ಲ. ಕೀ ಇಲ್ಲವೆಂದು ಹೇಳಿ ನಿಂತುಬಿಡುತ್ತದೆ. ಫೆಡೋರಾ ಬಳಗದಲ್ಲಿ ಕೀ ಇಲ್ಲದಿದ್ದರೆ ತಾನೇ ಹುಟ್ಟಿಸುವ ಸೇವೆ ಇದೆ, ಇಲ್ಲಿ ನಾವೇ ಮಾಡಬೇಕು. ಅದಕ್ಕಾಗಿ ಸಿಸ್ಟಂಡಿಯಲ್ಲಿ ಒಮ್ಮೆ ಮಾತ್ರ ಓಡುವ ಒಂದು ಸೇವೆ ಬರೆದದ್ದು. ಈ ಕೆಲಸ ಇನ್ನೂ ಬಾಕಿ ಇದೆ ಎಂದು ಸೂಚಿಸುವ ಒಂದು ಫೈಲ್ ಇದ್ದರೆ ಮಾತ್ರ ಅದು ಓಡುತ್ತದೆ, ಎಸ್‌ಎಸ್‌ಎಚ್‌ಗಿಂತ ಮೊದಲು ಓಡುತ್ತದೆ. ಎಸ್‌ಎಸ್‌ಎಚ್-ಕೀಜೆನ್‌ಗೆ ದೊಡ್ಡ 'ಎ' ಆಯ್ಕೆ ಕೊಟ್ಟು ಎಲ್ಲ ಬಗೆಯ ಹೋಸ್ಟ್ ಕೀ ಹುಟ್ಟಿಸುತ್ತದೆ. ಇಮೇಜ್ ಒಳಗಿನ ಒಂದು ಚಿಕ್ಕ ಪಟ್ಟಿಯಲ್ಲಿ ತನ್ನ ಮ್ಯಾಕ್ ಹುಡುಕಿ ಹೋಸ್ಟ್‌ನೇಮ್ ಇಟ್ಟುಕೊಳ್ಳುತ್ತದೆ. ಪಾರ್ಟಿಷನ್ ಬೆಳೆಸುತ್ತದೆ. ಎಲ್ಲ ಮುಗಿದ ಮೇಲಷ್ಟೇ ಆ ಸೂಚನೆಯ ಫೈಲ್ ಅಳಿಸುತ್ತದೆ. ಮಧ್ಯೆ ಕರೆಂಟ್ ಹೋದರೆ ಮುಂದಿನ ಸಲ ಮತ್ತೆ ಓಡಬೇಕಲ್ಲ, ಅದಕ್ಕೆ.

ಅಳಿಸುವ ಸ್ಕ್ರಿಪ್ಟ್ ಓಡಿದ ಮೇಲೆ ಯಂತ್ರವನ್ನು ಆಫ್ ಮಾಡಬೇಕು. ಆಮೇಲೆ ಅದು ತನ್ನ ಡಿಸ್ಕ್‌ನಿಂದ ಏಳಬಾರದು, ನೇರವಾಗಿ ಕ್ಲೋನ್‌ಜಿಲ್ಲಾ ಯುಎಸ್‌ಬಿಯಿಂದಲೇ ಏಳಬೇಕು. ಎಲ್ಲ ಸರಿ ಇದೆಯಾ ಅಂತ ಒಂದ್ಸಲ ಬೂಟ್ ಮಾಡಿ ನೋಡೋಣ ಎಂಬ ಆಸೆ ಬಂದೇ ಬರುತ್ತದೆ. ಬೂಟ್ ಆದ ಗಳಿಗೆಯಲ್ಲಿ ಹೊಸ ಮಷೀನ್-ಐಡಿ, ಹೊಸ ಹೋಸ್ಟ್ ಕೀ ಹುಟ್ಟಿ, ಮತ್ತೆ ಎಲ್ಲರಿಗೂ ಒಂದೇ ಗುರುತಿನ ಇಮೇಜ್ ತಯಾರು.

ಹಂಚುವ ಮೊದಲು

ಝಡ್‌ಎಸ್‌ಟಿಡಿಯಲ್ಲಿ ಕುಗ್ಗಿಸಿದ ಮೇಲೆ ಇಮೇಜ್ ಸುಮಾರು 9 ಜಿಬಿ ಆಯಿತು. ಕ್ಲೋನ್‌ಜಿಲ್ಲಾದ ಇಮೇಜ್ ಪರೀಕ್ಷೆ ಓಡಿಸಿ, ಚೆಕ್‌ಸಮ್ ತೆಗೆದಿಟ್ಟರು.

ಮೊದಲು ಎರಡೂ ಮಾಡೆಲ್‌ಗಳಲ್ಲಿ ಎರಡೆರಡು ಯಂತ್ರಗಳಿಗೆ ಮಾತ್ರ, ಮಾನಿಟರ್ ಹಚ್ಚಿಯೇ. ನಾಲ್ಕನ್ನೂ ಒಟ್ಟಿಗೆ ಆನ್ ಇಡಬೇಕು, ಒಂದೊಂದಾಗಿ ನೋಡಿದರೆ ಗುರುತಿನ ದೋಷ ಕಾಣುವುದಿಲ್ಲ. ನಾಲ್ಕರಿಂದಲೂ ಮಷೀನ್-ಐಡಿ, ಹೋಸ್ಟ್ ಕೀಯ ಬೆರಳಚ್ಚು (ಕೀಯನ್ನು ಗುರುತಿಸುವ ಚಿಕ್ಕ ಸಾಲು), ಐಪಿ, ಹೋಸ್ಟ್‌ನೇಮ್ ತಂದು, ಸಾರ್ಟ್ ಮಾಡಿ, ಯುನಿಕ್ ಕಮಾಂಡಿಗೆ ಎರಡು ಸಲ ಬಂದ ಸಾಲು ಮಾತ್ರ ತೋರಿಸು ಎಂದು ಹೇಳುವುದು. ಏನೂ ಬರದಿದ್ದರೆ ಪಾಸ್. ಎಲ್ಲ 30ಕ್ಕೂ ಆಮೇಲೆ ಇದೇ ಪರೀಕ್ಷೆ.

ಹಂಚಲು ಮಲ್ಟಿಕಾಸ್ಟ್ ಆರಿಸಿಕೊಂಡರು. ಒಂದೊಂದಕ್ಕೂ ಬೇರೆ ಬೇರೆ ಕಳಿಸಿದರೆ ಒಟ್ಟು 270 ಜಿಬಿ. ಗಿಗಾಬಿಟ್ ಲೈನಿನಲ್ಲಿ ಸೆಕೆಂಡಿಗೆ 110 ಎಂಬಿ ಎಂದು ಹಿಡಿದರೂ ಸುಮಾರು 40 ನಿಮಿಷ. ಮಲ್ಟಿಕಾಸ್ಟ್‌ನಲ್ಲಿ 9 ಜಿಬಿಯನ್ನು ಒಂದೇ ಸಲ ಕಳಿಸಿದರೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಲೆಕ್ಕಕ್ಕೆ ಒಂದೂವರೆ ನಿಮಿಷ, ಡಿಸ್ಕ್‌ಗೆ ಬರೆಯುವುದು ಸೇರಿ ಸ್ವಲ್ಪ ಜಾಸ್ತಿ.

ಆದರೆ ಮಲ್ಟಿಕಾಸ್ಟ್‌ನಲ್ಲಿ ಎಲ್ಲರ ವೇಗವೂ ನಿಧಾನದವರ ವೇಗವೇ. ನಿಜವಾಗಿ ಓಡಿಸಿದಾಗ ಸೆಕೆಂಡಿಗೆ 11 ಎಂಬಿ ದಾಟಲಿಲ್ಲ. ಆ ಅಂಕಿ ನೋಡಿದ ಕೂಡಲೇ 100 ಮೆಗಾಬಿಟ್ ಎಂದು ಅನುಮಾನ ಬರಬೇಕು. ಸ್ವಿಚ್‌ನಲ್ಲಿ ಪೋರ್ಟ್‌ಗಳ ವೇಗ ನೋಡಿದರೆ ಒಂದೇ ಒಂದು ಯಂತ್ರ 100ರಲ್ಲಿ ನಿಂತಿತ್ತು. ಅದರ ಕೇಬಲ್ ಬದಲಿಸಿದ ಮೇಲೆ ಉಳಿದ 29ಕ್ಕೂ ವೇಗ ಬಂತು.

ಕೆಲವು ವಾರಗಳ ನಂತರ ಒಂದು ಯಂತ್ರದ ಡಿಸ್ಕ್ ಕೆಟ್ಟಿತು. ಹೊಸ ಡಿಸ್ಕ್ ಹಾಕಿ, ಕ್ಲೋನ್ ಇಮೇಜ್ ಇಳಿಸಿದರು. ಮ್ಯಾಕ್ ಪ್ರಕಾರ ಹಳೆಯ ಹೆಸರು, ಹಳೆಯ ಐಪಿಯೇ ಬಂತು. ಹೋಸ್ಟ್ ಕೀ ಹೊಸದು, ಆದ್ದರಿಂದ ಲಾಗಿನ್ ಆಗಲು ಹೋದವರಿಗೆಲ್ಲ ಎಸ್‌ಎಸ್‌ಎಚ್ ಎಚ್ಚರಿಕೆ ತೋರಿಸಿತು. ಅದು ಬರಬೇಕಾದದ್ದೇ. ಬೆರಳಚ್ಚು ಮಾನಿಟರ್ ಹಚ್ಚಿ ನೋಡಿ ಹೋಲಿಸಿ, ಹಳೆಯ ಕೀಯನ್ನು ಪಟ್ಟಿಯಿಂದ ತೆಗೆದರು.

ಈಗ ಸಂಗ್ರಹದಲ್ಲಿ ಎರಡು ಫೋಲ್ಡರ್‌ಗಳಿವೆ. ಒಂದರ ಹೆಸರಿನಲ್ಲೇ 'ಮರಳಿಸಲು, ಒಂದನೇ ಯಂತ್ರಕ್ಕೆ ಮಾತ್ರ' ಎಂದಿದೆ (ಮೊದಲೇ ಸಿದ್ಧ ಮಾಡಿದ್ದ ಮೂಲ ಯಂತ್ರವೇ ಒಂದನೆಯದು), ಇನ್ನೊಂದರಲ್ಲಿ 'ಕ್ಲೋನಿಗೆ' ಎಂದು. ಕ್ಲೋನಿನ ಇಮೇಜನ್ನು ಸಣ್ಣ ಅಪ್‌ಡೇಟ್‌ಗಳಿಗೆಲ್ಲ ಮತ್ತೆ ತೆಗೆಯುವುದಿಲ್ಲ, ಅವನ್ನು ಯಂತ್ರ ಎದ್ದ ಮೇಲೆ ಹಾಕಿಕೊಳ್ಳುತ್ತದೆ. ಟೂಲ್‌ಚೈನ್ ಬದಲಾದಾಗ ಮಾತ್ರ ಹೊಸದು. ಆಗ ಮೊದಲು ಒಂದನೇ ಯಂತ್ರದ ಬ್ಯಾಕಪ್, ಆಮೇಲೆ ಅಳಿಸುವ ಸ್ಕ್ರಿಪ್ಟ್, ಆಮೇಲೆ ಕ್ಲೋನ್ ಇಮೇಜ್, ಕೊನೆಗೆ ಒಂದನೇ ಯಂತ್ರದ ಮೇಲೆ ಅದರದೇ ಬ್ಯಾಕಪ್ ರಿಸ್ಟೋರ್. ಬ್ಯಾಕಪ್ ಸರಿಯಾಗಿದೆಯೇ ಎಂಬ ಪರೀಕ್ಷೆಯೂ ಅದರಲ್ಲೇ ಆಗಿಹೋಗುತ್ತದೆ.